ಹಾಗಾದರೆ ಲಿಫ್ಟಿನಲ್ಲಿ ಮಾಡಿದ್ದು ಯಾರು?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂವತ್ತೆರಡು ಮನೆ, ಒಂದು ಲಿಫ್ಟು, ನಾಲ್ಕು ನಾಯಿ. ಕಾರ್ಯದರ್ಶಿಯಾಗಲು ಯಾರೂ ಒಪ್ಪದ ವರ್ಷ ನಾನು ವಾರ್ಷಿಕ ಸಭೆಗೆ ಅರ್ಧ ಗಂಟೆ ತಡವಾಗಿ ಹೋದೆ. ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಚಪ್ಪಾಳೆ ಬಿತ್ತು. ಅವಿರೋಧ ಆಯ್ಕೆಯಂತೆ. ಅಂದಿನಿಂದ ನೀರಿನ ಟ್ಯಾಂಕರು, ಜನರೇಟರಿನ ಡೀಸೆಲ್ಲು, ಹಸಿಕಸ ಒಣಕಸದ ಜಗಳ ಎಲ್ಲ ನನ್ನ ಪಾಲು. ಜೊತೆಗೆ ನೋಟಿಸು ಬರೆಯುವ ಕೆಲಸವೂ. ನೋಟಿಸು ಅಂದಮೇಲೆ ಇಂಗ್ಲಿಷಿನಲ್ಲೇ ಇರಬೇಕು ಎಂಬುದು ನಮ್ಮಲ್ಲಿ ಯಾರೂ ಮಾಡದ, ಎಲ್ಲರೂ ಪಾಲಿಸುವ ಕಾನೂನು. ಇಪ್ಪತ್ತೈದು ಮನೆಯವರು ಕನ್ನಡಿಗರೇ. ಆದರೆ ಕನ್ನಡದಲ್ಲಿ ಬರೆದರೆ ಓದುತ್ತಾರೆ, ಇಂಗ್ಲಿಷಿನಲ್ಲಿ ಬರೆದರೆ ಹೆದರುತ್ತಾರೆ. ದಂಡ ವಸೂಲಿಗೆ ಓದಿಸುವುದಕ್ಕಿಂತ ಹೆದರಿಸುವುದು ಲೇಸು.

ಹೋದ ತಿಂಗಳು ಒಂದೇ ವಾರದಲ್ಲಿ ಎರಡು ಸಲ ಯಾರದೋ ನಾಯಿ ಲಿಫ್ಟಿನ ಮೂಲೆಯಲ್ಲಿ ಕಾಲೆತ್ತಿತು. ನಾನು ರಾತ್ರಿ ಕೂತು, ಎರಡು ಸಲ ಬರೆದು ಹರಿದು, ಮೂರನೆಯದನ್ನು ಪ್ರಿಂಟ್ ತೆಗೆದು ಲಿಫ್ಟಿನೊಳಗೆ ಅಂಟಿಸಿದೆ: "ಹ್ಯಾವಿಂಗ್ ಯೂರಿನೇಟೆಡ್ ಇನ್ ದ ಲಿಫ್ಟ್ ಟ್ವೈಸ್ ದಿಸ್ ವೀಕ್, ದ ಸೆಕ್ರೆಟರಿ ಈಸ್ ಫೋರ್ಸ್ಡ್ ಟು ಕಲೆಕ್ಟ್ ಎ ಫೈನ್ ಆಫ್ ರುಪೀಸ್ 500."

ಬರೆದಾಗ ನನಗೆ ಎಂಥ ಹೆಮ್ಮೆ ಅಂತೀರಿ. ಆ ಶುರುವಿನ 'ಹ್ಯಾವಿಂಗ್' ಇದೆಯಲ್ಲ, ಅದನ್ನು ಹಾಕಿದರೆ ವಾಕ್ಯಕ್ಕೆ ಕೋಟು ಹಾಕಿದಂತೆ ಎಂದು ನನ್ನ ನಂಬಿಕೆ. ಎರಡು ದಿನ ಯಾರೂ ಏನೂ ಅನ್ನಲಿಲ್ಲ. ಲಿಫ್ಟಿನಲ್ಲಿ ನನ್ನ ಜೊತೆ ಬಂದವರು ನೋಟಿಸು ನೋಡುವರು, ನನ್ನನ್ನು ನೋಡುವರು, ಆಮೇಲೆ ಮಹಡಿಯ ನಂಬರು ನೋಡುವರು. ನೋಟಿಸು ಕೆಲಸ ಮಾಡುತ್ತಿದೆ ಅಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಹಾಲು ತರಲು ಇಳಿದಾಗ ನೆಲಮಹಡಿಯ ಮೇಷ್ಟ್ರು ಸಿಕ್ಕಿದರು. ತುಮಕೂರಿನ ಕಡೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಪೇಪರು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು ಮೆಲ್ಲಗೆ ಕೇಳಿದರು:

"ಸೆಕ್ರೆಟರಿಗಳೇ, ವಯಸ್ಸಾದ್ಮೇಲೆ ತಡ್ಕೊಳ್ಳೋದು ಕಷ್ಟ, ನನಗೂ ಗೊತ್ತು. ಆದ್ರೆ ಲಿಫ್ಟಲ್ಲೇ?"

"ಅರ್ಥ ಆಗ್ಲಿಲ್ಲ ಮೇಷ್ಟ್ರೇ."

"ನೀವೇ ಬರೆದು ಅಂಟಿಸಿದ್ದೀರಲ್ಲ ಸ್ವಾಮಿ. ಎರಡು ಸಲ ಅಂತ ಲೆಕ್ಕ ಬೇರೆ ಕೊಟ್ಟಿದ್ದೀರಿ. ಮಾಡಿದ್ದೂ ನೀವೇ, ದಂಡ ಕೇಳೋರೂ ನೀವೇ. ಇದ್ಯಾವ ನ್ಯಾಯ?"

ನಾನು ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡು ಮತ್ತೆ ಲಿಫ್ಟಿಗೆ ಹೋಗಿ ಓದಿದೆ. ನಾಲ್ಕು ಸಲ ಓದಿದರೂ ಅದರಲ್ಲಿ ನಾಯಿ ಕಾಣಿಸಲಿಲ್ಲ. ಬರೆಯುವಾಗ ನನ್ನ ತಲೆಯಲ್ಲಿ ನಾಯಿ ಇತ್ತು, ಕಾಗದದ ಮೇಲೆ ಇದ್ದವನು ನಾನೊಬ್ಬನೇ.

"ಇದನ್ನೇ ಈಗ ಕನ್ನಡದಲ್ಲಿ ಹೇಳಿ ನೋಡೋಣ, ಪದಕ್ಕೆ ಪದ" ಅಂದರು ಮೇಷ್ಟ್ರು.

"ಈ ವಾರ ಎರಡು ಸಲ ಲಿಫ್ಟಿನಲ್ಲಿ ಮೂತ್ರ ಮಾಡಿ, ಕಾರ್ಯದರ್ಶಿಗಳು ಐನೂರು ರೂಪಾಯಿ..." ಅಷ್ಟಕ್ಕೇ ನನ್ನ ಬಾಯಿ ಕಟ್ಟಿತು. ಅಲ್ಲೇ ಗುಡಿಸುತ್ತಿದ್ದ ಆಯಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ಅವಳು ನೋಟಿಸು ಓದಿದವಳಲ್ಲ, ಒಂದು ದಿನವೂ ಇಂಗ್ಲಿಷ್ ಕ್ಲಾಸಿನಲ್ಲಿ ಕೂತವಳಲ್ಲ. ಆದರೆ 'ಮಾಡಿ' ಅಂದರೆ ಮಾಡಿದವನು ಯಾರು ಎಂದು ಅವಳ ಕಿವಿಗೆ ಆ ಕ್ಷಣಕ್ಕೆ ಗೊತ್ತು.

ಇದು ನನ್ನನ್ನು ಆ ದಿನವೆಲ್ಲ ಕಾಡಿತು. ಇಂಗ್ಲಿಷಿನವರು ಇದಕ್ಕೆ ಡ್ಯಾಂಗ್ಲಿಂಗ್ ಎನ್ನುತ್ತಾರೆ, ಅಂದರೆ ಹಿಡಿಯಲು ಕೊಂಬೆಯಿಲ್ಲದೆ ನೇತಾಡುವುದು. ವ್ಯಾಕರಣದ ಪುಸ್ತಕದಲ್ಲಿ ಇದಕ್ಕೊಂದು ಅಧ್ಯಾಯ, ಹತ್ತಾರು ಅಭ್ಯಾಸ. ನಮಗೆ ಅದರ ಅಗತ್ಯವೇ ಇಲ್ಲ, ಯಾಕೆಂದರೆ ಈ ನಿಯಮ ತೊಟ್ಟಿಲಿನಿಂದಲೇ ನಮ್ಮದು. ಎದ್ದು, ಹಲ್ಲುಜ್ಜಿ, ತಿಂಡಿ ತಿಂದು, ಬಸ್ಸು ಹಿಡಿದು ಬಂದೆ ಅಂದರೆ ಎದ್ದವನೂ ನಾನೇ, ತಿಂದವನೂ ನಾನೇ, ಬಸ್ಸು ಹಿಡಿದವನೂ ನಾನೇ. ಶಾಲೆಯಲ್ಲಿ ಇದಕ್ಕೆ ಕೃದಂತಾವ್ಯಯ ಎಂಬ ಭಯಂಕರ ಹೆಸರಿಟ್ಟಿದ್ದರು. ಹೆಸರು ಮರೆತರೂ ಕೆಲಸ ಮರೆತಿಲ್ಲ. "ಬಾಗಿಲು ತೆಗೆದು ನಾಯಿ ಕಚ್ಚಿತು" ಅಂದರೆ ಮೂರು ವರ್ಷದ ಮಗುವೂ "ನಾಯಿ ಹೆಂಗೆ ಬಾಗ್ಲು ತೆಗೀತು?" ಅನ್ನುತ್ತೆ. ಮಳೆ ಬಂದು ಕೆರೆ ತುಂಬುವುದು, ಅವನು ಹೋಗಿ ಮೂರು ದಿನವಾಗುವುದು, ಇಂಥ ಕೆಲವು ಕಡೆ ಕನ್ನಡ ಸಡಿಲ ಬಿಡುತ್ತದೆ, ನಿಜ. ಆದರೆ ನಾಯಿಯ ಲೆಕ್ಕ ಕಾರ್ಯದರ್ಶಿಯ ತಲೆಗೆ ಬರುವಷ್ಟು ಸಡಿಲ ಬಿಡುವುದಿಲ್ಲ. ಇಷ್ಟು ಗಟ್ಟಿ ನಿಯಮ ನಾಲಿಗೆಯಲ್ಲಿ ಇಟ್ಟುಕೊಂಡವನು ಇಂಗ್ಲಿಷ್ ಬರೆಯಲು ಕೂತ ಕೂಡಲೇ ಹೇಗೆ ಕುರುಡಾದೆ? ಭಯ, ಇನ್ನೇನು. ಕೋಟು ಹಾಕುವ ಗಡಿಬಿಡಿಯಲ್ಲಿ ಪಂಚೆ ಜಾರಿತು.

ಅಂದು ಸಂಜೆ ಮೇಷ್ಟ್ರ ಮನೆಗೆ ಹೋದೆ. ಒಂದು ನೋಟಿಸು ತಿದ್ದಿಸಲು ಹೋದವನು ಎಂಟು ತಿಂಗಳ ನೋಟಿಸುಗಳ ಫೈಲನ್ನೇ ಹಿಡಿದುಕೊಂಡು ಹೋಗಿದ್ದು ನನ್ನ ಮೂರ್ಖತನ. ಮೇಷ್ಟ್ರು ಕೆಂಪು ಪೆನ್ನು ಹುಡುಕಿ ತೆಗೆದರು. ಅವರ ಮನೆಯವರು ಕಾಫಿ ತಂದಿಟ್ಟು "ಪಾಪ, ನಿವೃತ್ತಿ ಆದ್ಮೇಲೆ ಇವರು ಇಷ್ಟು ಖುಷಿಯಾಗಿದ್ದು ಇವತ್ತೇ" ಅಂದರು.

ಮೊದಲು ಸಿಕ್ಕಿದ್ದು ಬಾಕಿದಾರರ ನೋಟಿಸು: "ದ ಲಿಸ್ಟ್ ಆಫ್ ಮೆಂಬರ್ಸ್ ಹೂ ಹ್ಯಾವ್ ನಾಟ್ ಪೇಯ್ಡ್ ಮೇಂಟೆನೆನ್ಸ್ ಫಾರ್ ತ್ರೀ ಮಂತ್ಸ್ ಆರ್ ಪೇಸ್ಟೆಡ್ ಬಿಲೋ." ಮೇಷ್ಟ್ರು 'ಆರ್' ಸುತ್ತ ಒಂದು ಸೊನ್ನೆ ಸುತ್ತಿ "ಅಂಟಿಸಿದ್ದು ಏನನ್ನ?" ಅಂದರು. ಪಟ್ಟಿಯನ್ನ, ಅಂದೆ. "ಪಟ್ಟಿ ಎಷ್ಟು?" ಒಂದೇ. "ಮತ್ತೆ ಮೆಂಬರುಗಳನ್ನ ಯಾಕೆ ಗೋಡೆಗೆ ಅಂಟಿಸಿದ್ರಿ?"

ಇಲ್ಲಿ ಒಂದು ಚೆಂದದ ಸಂಗತಿಯಿದೆ, ಸ್ವಲ್ಪ ನಿಲ್ಲುತ್ತೇನೆ. ಕನ್ನಡದಲ್ಲಿ ಇದೇ ಮಾತು "ಮೂರು ತಿಂಗಳಿಂದ ಮೇಂಟೆನೆನ್ಸ್ ಕಟ್ಟದ ಸದಸ್ಯರ ಪಟ್ಟಿಯನ್ನು ಅಂಟಿಸಿದೆ" ಎಂದಾಗುತ್ತದೆ. ನಮ್ಮಲ್ಲಿ ವಿಶೇಷಣಗಳೆಲ್ಲ ಮೆರವಣಿಗೆಯ ವಾದ್ಯದವರ ಹಾಗೆ ಮುಂದೆ ಹೋಗುತ್ತವೆ, ಉತ್ಸವಮೂರ್ತಿ ಕೊನೆಗೆ ಬಂದು ಕ್ರಿಯಾಪದದ ಪಕ್ಕದಲ್ಲೇ ಕೂರುತ್ತದೆ. 'ಪಟ್ಟಿ', 'ಅಂಟಿಸಿದೆ' ಎರಡೂ ಅಕ್ಕಪಕ್ಕ. ತಪ್ಪಬೇಕೆಂದರೂ ಆಗದು. ಇಂಗ್ಲಿಷಿನಲ್ಲಿ ಮೂರ್ತಿ ಮೊದಲು ಬಂದುಬಿಡುತ್ತದೆ. ಹಿಂದೆ ಮೆಂಬರುಗಳು, ಮೇಂಟೆನೆನ್ಸು, ಮೂರು ತಿಂಗಳು ಎಲ್ಲ ನೂಕುನುಗ್ಗಲು. ಕ್ರಿಯಾಪದ ಬರುವ ಹೊತ್ತಿಗೆ ಮೂರ್ತಿ ಎಲ್ಲೋ ದೂರದ ತಿರುವಿನಲ್ಲಿ. ಪಕ್ಕದಲ್ಲಿ ಕಂಡ ಬಹುವಚನಕ್ಕೇ ನಾವು ಕೈ ಮುಗಿದುಬಿಡುತ್ತೇವೆ. ಇಂಗ್ಲಿಷರೂ ಮುಗಿಯುತ್ತಾರೆ, ನಾವೊಬ್ಬರೇ ಅಲ್ಲ. ಮದ್ದು ಸುಲಭ: ನಡುವಿನ ಗುಂಪನ್ನು ಬೆರಳಲ್ಲಿ ಮುಚ್ಚಿ ಎರಡು ತುದಿ ಓದಬೇಕು. ಲಿಸ್ಟ್ ಆರ್? ಅಲ್ಲ, ಲಿಸ್ಟ್ ಈಸ್. ಮುಗಿಯಿತು.

"ಯಾರು" ಎಂಬ ಪ್ರಶ್ನೆಯನ್ನು ನನ್ನ ಅಜ್ಜಿಯ ಹಾಗೆ ಕೇಳುತ್ತಿದ್ದವರು ಇನ್ನೊಬ್ಬರಿಲ್ಲ. ಅಳುತ್ತ ಬಂದು "ಹೊಡೆದ್ಲು" ಅಂದರೆ ಸಾಕು, ಅಕ್ಕನಿಗೆ ಕರೆ ಹೋಗುತ್ತಿತ್ತು. "ಹೊಡೆದ" ಅಂದರೆ ಚಿಕ್ಕಪ್ಪನ ಮಗನ ವಿಚಾರಣೆ. ಹೆಸರು ಹೇಳುವ ಅಗತ್ಯವೇ ಇಲ್ಲ, ಕ್ರಿಯಾಪದದ ಬಾಲದಲ್ಲೇ ಆಸಾಮಿಯ ಗುರುತು. ಬಂದೆ, ಬಂದೆವು, ಬಂದ, ಬಂದಳು, ಬಂತು. ಇಂಗ್ಲಿಷಿನ 'ಕೇಮ್' ಬೋಳುತಲೆ. ಯಾರು ಬಂದರೂ ಒಂದೇ ಮುಖ. ಅದಕ್ಕೇ ಅಲ್ಲಿ ಆಸಾಮಿಯನ್ನು ಪ್ರತಿ ಸಲ ಹೆಸರು ಹಿಡಿದು ಮುಂದೆ ನಿಲ್ಲಿಸಬೇಕು. ನಾವು ರೂಢಿಬಲದಿಂದ ಬಿಟ್ಟುಬಿಡುತ್ತೇವೆ: "ವೆಂಟ್ ಟು ಬ್ಯಾಂಕ್. ಸಬ್ಮಿಟೆಡ್ ಫಾರ್ಮ್. ಈಸ್ ರೇನಿಂಗ್." ಮಳೆ ಬಂದಾಗಲೂ ಅವರಿಗೆ ಒಬ್ಬ ಕರ್ತೃ ಬೇಕು. ಸಿಗದಿದ್ದರೆ 'ಇಟ್' ಎಂಬ ಬಾಡಿಗೆ ಆಳನ್ನು ತಂದು ನಿಲ್ಲಿಸುತ್ತಾರೆ. ಇಟ್ ಈಸ್ ರೇನಿಂಗ್. ಯಾರಪ್ಪಾ ಆ 'ಇಟ್' ಎಂದು ಕೇಳಬಾರದು. ಮದುವೆಯಲ್ಲಿ ಕನ್ಯಾದಾನಕ್ಕೆ ಅಪ್ಪ ಇಲ್ಲದಿದ್ದರೆ ದೂರದ ಸೋದರಮಾವನನ್ನು ಕೂರಿಸುವುದಿಲ್ಲವೇ, ಹಾಗೆ. ಪೀಠ ಖಾಲಿ ಇರಬಾರದು, ಅಷ್ಟೇ.

ಹಾಗೆಯೇ ಇನ್ನೊಂದು ಪೀಠ. "ನಾನು ಕಾರ್ಯದರ್ಶಿ" ಅಂದರೆ ಕನ್ನಡದಲ್ಲಿ ವಾಕ್ಯ ಪೂರ್ತಿ. ಕ್ರಿಯಾಪದದ ಸುದ್ದಿಯೇ ಇಲ್ಲ. ಇದನ್ನೇ ಹಿಡಿದುಕೊಂಡು ಹೋಗಿ ನಾವು "ಮೈಸೆಲ್ಫ್ ಸೆಕ್ರೆಟರಿ" ಅನ್ನುತ್ತೇವೆ. ಬರಿಯ 'ಐ' ಅಹಂಕಾರದ ಹಾಗೆ ಕೇಳಿಸುತ್ತದೇನೋ, ಉದ್ದ ಮಾಡಿದರೆ ವಿನಯ ಎಂಬ ಭಾವನೆ. 'ಆಮ್' ಒಂದು ಬಡಪಾಯಿ ಶಬ್ದ. ಆದರೆ ಅದಿಲ್ಲದೆ ಆ ಮನೆಗೆ ತೊಲೆಯಿಲ್ಲ.

ರಜಾ ಚೀಟಿಯ ಸೌಂದರ್ಯ ಬೇರೆಯೇ. "ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಸೋ ಐ ಕೆನಾಟ್ ಅಟೆಂಡ್ ದ ಸ್ಕೂಲ್." ಈ ವಾಕ್ಯವನ್ನು ಬರೆಯದೆ ಎಸ್ಸೆಸ್ಸೆಲ್ಸಿ ದಾಟಿದ ಕನ್ನಡಿಗನಿದ್ದರೆ ಕೈ ಎತ್ತಲಿ. 'ಆಸ್' ಒಂದು ಚಿಲಕ, 'ಸೋ' ಇನ್ನೊಂದು. ಒಂದು ಬಾಗಿಲಿಗೆ ಎರಡು ಚಿಲಕ. ಮಳೆ ಬಂದರೂ ಕ್ರಿಕೆಟ್ ನಡೆದ ಸುದ್ದಿ ಬರೆಯುವಾಗ 'ಆಲ್ದೋ' ಜೊತೆಗೆ 'ಬಟ್' ಹಾಕುವುದೂ ಇದೇ ಜಾತಿ. ಮೇಷ್ಟ್ರ ಔಷಧ ಮತ್ತೆ ಅದೇ: ಕನ್ನಡದಲ್ಲಿ ಹೇಳಿ. "ಜ್ವರ ಬಂದಿದ್ದರಿಂದ, ಆದ್ದರಿಂದ ಬರಲಾಗುವುದಿಲ್ಲ." "ಮಳೆ ಬಂದರೂ, ಆದರೆ ಆಟ ನಡೆಯಿತು." ಕಿವಿ ಕುಟುಕಿತೇ? ಎರಡರಲ್ಲಿ ಒಂದನ್ನು ಕಿತ್ತು ಹಾಕಿ, ಯಾವುದಾದರೂ ಸರಿ.

ಅದೇ ರಜಾ ಚೀಟಿಯಲ್ಲಿ ಕೆಲವರು ಇನ್ನೊಂದು ತುದಿಗೆ ಹೋಗಿ "ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್" ಎಂದು ಬರೆದು ಚುಕ್ಕಿ ಇಟ್ಟುಬಿಡುತ್ತಾರೆ. "ಜ್ವರ ಬಂದಿರುವುದರಿಂದ" ಎಂದು ಹೇಳಿ ಫೋನ್ ಇಟ್ಟ ಹಾಗೆ. ಆ ಕಡೆಯವರು ಬಾಯಿ ತೆರೆದುಕೊಂಡೇ ಇರುತ್ತಾರೆ. ನಾನು ಓದಿದವನೆಂದು ತೋರಿಸಲು "ಮೇಷ್ಟ್ರೇ, ಡಿಕನ್ಸ್ ಕೂಡ ತುಂಡು ವಾಕ್ಯ ಬರೆದಿದ್ದಾನಲ್ಲ?" ಅಂದೆ. ಬರೆದಿದ್ದಾನೆ. 'ಬ್ಲೀಕ್ ಹೌಸ್' ಕಾದಂಬರಿಯ ಮೊದಲ ವಾಕ್ಯ ಒಂದೇ ಒಂದು ಶಬ್ದ, ಊರಿನ ಹೆಸರು. ಆಮೇಲೂ ಆ ಪುಟದಲ್ಲಿ ಕ್ರಿಯಾಪದಕ್ಕೆ ತಡಕಾಡಬೇಕು. ಮೇಷ್ಟ್ರು ಕಾಫಿ ಲೋಟ ಇಳಿಸಿದರು. "ಡಿಕನ್ಸ್ ಮಂಜು ಕವಿದ ಲಂಡನ್ ತೋರಿಸ್ತಿದ್ದ. ನೀವು ಟ್ಯಾಂಕರ್ ನೀರಿನ ಟೈಮು ಹೇಳ್ತಿದ್ದೀರಿ. ಅವನು ಬೇಕಂತ ಬಿಟ್ಟ, ನೀವು ತೋಚದೆ ಬಿಟ್ರಿ."

ಟ್ಯಾಂಕರಿನ ನೋಟಿಸು ಅಷ್ಟರಲ್ಲಿ ಅವರ ಕೈಗೆ ಸಿಕ್ಕಿತ್ತು. ಅದು ನನ್ನ ಮಹಾಕಾವ್ಯ. "ಟುಮಾರೊ ನೋ ಕಾವೇರಿ ವಾಟರ್, ಟ್ಯಾಂಕರ್ ವಿಲ್ ಕಮ್ ಅಟ್ ಸಿಕ್ಸ್, ಪ್ಲೀಸ್ ಸ್ಟೋರ್, ಡು ನಾಟ್ ವಾಶ್ ಕಾರ್ಸ್, ಬೋರ್‌ವೆಲ್ ಮೋಟರ್ ಈಸ್ ಆಲ್ಸೋ ಅಂಡರ್ ರಿಪೇರ್, ಕೋಆಪರೇಟ್." ಆರು ಸುದ್ದಿ, ಐದು ಅಲ್ಪವಿರಾಮ, ಒಂದೇ ಚುಕ್ಕಿ. ಇದನ್ನು ಇಂಗ್ಲಿಷಿನವರು ಕಾಮಾ ಸ್ಪ್ಲೈಸ್ ಎನ್ನುತ್ತಾರೆ: ತಮ್ಮ ಕಾಲಮೇಲೆ ನಿಲ್ಲಬಲ್ಲ ವಾಕ್ಯಗಳನ್ನು ಬರೀ ಅಲ್ಪವಿರಾಮದ ಗೋಂದಿನಲ್ಲಿ ಅಂಟಿಸುವುದು. ಇಲ್ಲಿ ಮಾತ್ರ ನಾನು ಕನ್ನಡದ ತಪ್ಪು ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ಎದ್ದು, ಉಜ್ಜಿ, ತಿಂದು, ಹಿಡಿದು ಎಂದು ಹತ್ತು ಕೆಲಸವನ್ನು ಒಂದೇ ಉಸಿರಿಗೆ ಪೋಣಿಸಬಹುದು. ಕೊನೆಗೊಂದು ಗಟ್ಟಿ ಕ್ರಿಯಾಪದದ ಗಂಟು ಹಾಕಿದರೆ ಸರ ಬಿಚ್ಚುವುದಿಲ್ಲ. ಇಂಗ್ಲಿಷಿನಲ್ಲಿ ಪ್ರತಿ ಮಣಿಗೂ ತನ್ನದೇ ಕರ್ತೃ, ತನ್ನದೇ ಗಂಟು. ಹಾಗಾಗಿ ಒಂದೋ ಚುಕ್ಕಿ ಇಡಬೇಕು, ಇಲ್ಲವೇ ಆಂಡ್, ಬಟ್, ಸೋ ಎಂಬ ಕೊಂಡಿ ಹಾಕಬೇಕು, ಇಲ್ಲವೇ ಅರ್ಧವಿರಾಮ. ಮೇಷ್ಟ್ರು ಅರ್ಧವಿರಾಮ ಕಲಿಸಲು ಹೊರಟಾಗ ನಾನು ಕೈ ಮುಗಿದೆ. "ಚುಕ್ಕಿ ಸಾಕು ಮೇಷ್ಟ್ರೇ, ಅದಕ್ಕೆ ಜಿಎಸ್‌ಟಿ ಇಲ್ಲ."

ಅಲ್ಪವಿರಾಮ ಹೆಚ್ಚಾದರೆ ನನ್ನಂಥವನ ಮಾನ ಹೋಗುತ್ತದೆ. ಕಡಿಮೆಯಾದರೆ ಇನ್ನೂ ದುಬಾರಿ. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಎಂಬ ಹಾಲಿನ ಡೇರಿಯ ಲಾರಿ ಚಾಲಕರು ಓವರ್‌ಟೈಮ್ ಕೇಳಿ ಕೋರ್ಟಿಗೆ ಹೋದರು. ಯಾವ ಯಾವ ಕೆಲಸಕ್ಕೆ ಓವರ್‌ಟೈಮ್ ಇಲ್ಲ ಎಂದು ಕಾನೂನಿನಲ್ಲಿ ಒಂದು ಪಟ್ಟಿಯಿತ್ತು. ಅದರ ಕೊನೆಯಲ್ಲಿ ಸಾಗಣೆಗಾಗಿ ಪ್ಯಾಕ್ ಮಾಡುವುದು, ವಿತರಿಸುವುದು ಎಂಬೆರಡರ ನಡುವೆ ಅಲ್ಪವಿರಾಮ ಇರಲಿಲ್ಲ. "ಹಾಗಾದರೆ ಸಾಗಣೆಗೋ ವಿತರಣೆಗೋ ಪ್ಯಾಕ್ ಮಾಡುವವರಿಗೆ ಓವರ್‌ಟೈಮ್ ಇಲ್ಲ. ನಾವು ಪ್ಯಾಕ್ ಮಾಡುವುದಿಲ್ಲ, ಲಾರಿ ಓಡಿಸುತ್ತೇವೆ" ಎಂದರು ಚಾಲಕರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಕಡೆಗೇ ವಾಲಿತು. ಮರುವರ್ಷ ಡೇರಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಒಂದು ಬಾಲದ ಚುಕ್ಕೆಗೆ ಅಷ್ಟು. ನಮ್ಮ ಸೊಸೈಟಿಯ ಬೈಲಾ ನಾನು ಇನ್ನೂ ಬಿಚ್ಚಿ ಓದಿಲ್ಲ. ಓದುವುದೂ ಇಲ್ಲ.

ಕನ್ನಡ ಇನ್ನೂ ಕೆಲವು ಕಡೆ ನಮ್ಮನ್ನು ಹಳ್ಳಕ್ಕೆ ಕೆಡವುತ್ತದೆ, ಮುಚ್ಚಿಡುವುದೇಕೆ. ನನ್ನ ಮೊದಲ ಕೆಲಸದಲ್ಲಿ ಅಮೆರಿಕದ ಕ್ಲೈಂಟ್ ಒಬ್ಬ ಫೋನಿನಲ್ಲಿ "ಯು ಹ್ಯಾವನ್ಟ್ ಸೆಂಟ್ ದ ಫೈಲ್?" ಎಂದು ಕೇಳಿದ. ನಾನು ಪ್ರಾಮಾಣಿಕವಾಗಿ "ಯೆಸ್" ಅಂದೆ. ಹೂಂ, ಕಳಿಸಿಲ್ಲ ಎಂದು ನನ್ನ ಅರ್ಥ. ಆತ ಥ್ಯಾಂಕ್ಸ್ ಹೇಳಿ ಫೋನಿಟ್ಟು, ಬರದ ಫೈಲನ್ನು ಮೇಲ್‌ಬಾಕ್ಸಿನಲ್ಲಿ ತನ್ನ ಸಂಜೆವರೆಗೂ ಹುಡುಕಿದ. ನಾವು ಎದುರಿನವನ ಮಾತು ನಿಜವೋ ಸುಳ್ಳೋ ನೋಡಿ ಹೂಂ ಅನ್ನುತ್ತೇವೆ; ಅವರು ಕೆಲಸ ಆಯಿತೋ ಇಲ್ಲವೋ ನೋಡಿ ನೋ ಅನ್ನುತ್ತಾರೆ. ಮರುದಿನ ಬಂದ ಮೇಲ್‌ನಲ್ಲಿ ವ್ಯಾಕರಣ ಸರಿಯಾಗಿತ್ತು, ಭಾಷೆ ಸರಿಯಿರಲಿಲ್ಲ.

ಪ್ರಶ್ನೆ ಕೇಳುವುದರಲ್ಲೂ ಹಾಗೆ. ಕನ್ನಡದಲ್ಲಿ ಬಂದ ಅನ್ನುವುದಕ್ಕೆ ಒಂದು 'ಆ' ಅಂಟಿಸಿದರೆ ಬಂದನಾ. ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಇಂಗ್ಲಿಷಿನಲ್ಲಿ ಪ್ರಶ್ನೆ ಎಂದ ಕೂಡಲೇ ಸಹಾಯಕ ಕ್ರಿಯಾಪದ ಎದ್ದು ಕರ್ತೃವಿಗಿಂತ ಮುಂದೆ ಬಂದು ನಿಲ್ಲಬೇಕು. ನಾವು ಏಳಬೇಕಾದಲ್ಲಿ ಎಬ್ಬಿಸದೆ "ವೈ ಯು ಆರ್ ಲೇಟ್?" ಅನ್ನುತ್ತೇವೆ. ಆಮೇಲೆ ಯಾರೋ ತಿದ್ದಿದರೆಂದು ರೋಷಕ್ಕೆ ಬಿದ್ದು, ಕೂರಬೇಕಾದಲ್ಲೂ ಎಬ್ಬಿಸಿ "ಐ ಡೋಂಟ್ ನೋ ವೈ ಆರ್ ಯು ಲೇಟ್" ಅನ್ನುತ್ತೇವೆ. ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಹೋದಮೇಲೆ ಅದು ಪ್ರಶ್ನೆಯಲ್ಲ, ಸುದ್ದಿ. ಎದ್ದವನು ಕೂತುಕೊಳ್ಳಬೇಕು.

'ನನಗೆ ಇಬ್ಬರು ತಮ್ಮಂದಿರು' ಎಂಬ ನಮ್ಮ ಸೊಗಸಾದ ಮಾತನ್ನು "ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ಮಾಡಿದರೆ ಮಧ್ಯಾಹ್ನದ ಊಟಕ್ಕೆ ತಮ್ಮಂದಿರನ್ನು ಬಡಿಸಿಕೊಂಡಂತೆ. ಇಂಗ್ಲಿಷಿನ 'ಹ್ಯಾವ್' ಅಂಥ ಶಬ್ದ ನಮ್ಮ ಆಡುಮಾತಿನಲ್ಲಿ ಇಲ್ಲ. ಕನ್ನಡಿಗ ಏನನ್ನೂ 'ಹ್ಯಾವ್' ಮಾಡುವುದಿಲ್ಲ, ಅವನಿಗೆ ಇರುತ್ತದೆ, ಅವನ ಹತ್ತಿರ ಇರುತ್ತದೆ. ಆದರೆ ಈಗ ಪತ್ರಿಕೆ ತೆರೆದರೆ "ಮೃತರು ಪತ್ನಿ ಹಾಗೂ ಇಬ್ಬರು ಮಕ್ಕಳನ್ನು ಹೊಂದಿದ್ದಾರೆ" ಎಂದಿರುತ್ತದೆ. ಸತ್ತಮೇಲೆ ಹೇಗೆ ಹೊಂದಿದರೋ. ನಾವು ಇಂಗ್ಲಿಷನ್ನು ಕೆಡಿಸಿದ್ದಕ್ಕೆ ಇಂಗ್ಲಿಷು ಸೇಡು ತೀರಿಸಿಕೊಳ್ಳುತ್ತಿರುವ ಪರಿ ಇದು. ಇದರ ಬಗ್ಗೆ ಯಾವ ಮೇಷ್ಟ್ರೂ ಕೆಂಪು ಪೆನ್ನು ಎತ್ತುವುದಿಲ್ಲ. ನನಗೆ ಸಿಟ್ಟು ಇರುವುದು ಇದರ ಮೇಲೇ, ರಜಾ ಚೀಟಿಯ ಮೇಲಲ್ಲ.

ಇನ್ನು 'ಓನ್ಲಿ'. ನಿನ್ನೆಯೇ ಬಂದೆ, ಇಲ್ಲೇ ಇದ್ದೆ ಎನ್ನುವಾಗಿನ ನಮ್ಮ ಮುದ್ದಾದ 'ಏ' ಇದೆಯಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಜಾಗ ಸಿಗದೆ ನಾವು 'ಓನ್ಲಿ' ತಂದು ಬಾಲಕ್ಕೆ ಕಟ್ಟಿದೆವು. "ಯೆಸ್ಟರ್ಡೇ ಓನ್ಲಿ ಐ ಕೇಮ್." ಮಾತಿನಲ್ಲಿ ಇದು ಇರಲಿ ಎಂದೇ ನನ್ನ ಮತ. ಬೆಂಗಳೂರಿನ ಆಟೋದವರಿಗೂ ಸಾಫ್ಟ್‌ವೇರಿನವರಿಗೂ ಅರ್ಥವಾಗುವ ಮಾತನ್ನು ತಿದ್ದುವುದು ದುರಹಂಕಾರ. ಕೈಲಾಸಂ ನಾಟಕಗಳ ಪಾತ್ರಗಳು ಇಂಗ್ಲಿಷನ್ನೂ ಕನ್ನಡವನ್ನೂ ಒಂದೇ ಲೋಟದಲ್ಲಿ ಕಲಸಿ ಕುಡಿದೇ ನೂರು ವರ್ಷ ದಾಟುತ್ತ ಬಂತು, ಯಾರಿಗೂ ಅಜೀರ್ಣವಾಗಿಲ್ಲ. ಬರವಣಿಗೆಯಲ್ಲಿ ಮಾತ್ರ ಜೋಕೆ. "ಓನ್ಲಿ ರೆಸಿಡೆಂಟ್ಸ್ ಕ್ಯಾನ್ ಪಾರ್ಕ್ ಹಿಯರ್" ಅಂದರೆ ಹೊರಗಿನವರು ನಿಲ್ಲಿಸಬಾರದು. "ರೆಸಿಡೆಂಟ್ಸ್ ಕ್ಯಾನ್ ಓನ್ಲಿ ಪಾರ್ಕ್ ಹಿಯರ್" ಅಂದರೆ ನಿವಾಸಿಗಳು ಇಲ್ಲಿ ಕಾರು ನಿಲ್ಲಿಸಬಹುದಷ್ಟೇ, ಮತ್ತೇನೂ ಮಾಡುವಂತಿಲ್ಲ ಎಂದೂ ಓದಬಹುದು. ನಮ್ಮ ಗೇಟಿನಲ್ಲಿ ಎರಡನೆಯದು ಇದೆ.

ಹೀಗೆ ಪರಭಾಷೆಯ ಅಚ್ಚಿನಲ್ಲಿ ಇಂಗ್ಲಿಷ್ ಒತ್ತುವುದು ನಮ್ಮೊಬ್ಬರ ಚಾಳಿ ಎಂದು ಕುಗ್ಗಬೇಡಿ. 1672ರಲ್ಲಿ ಕವಿ ಡ್ರೈಡನ್, ಬೆನ್ ಜಾನ್ಸನ್ನನ ವಾಕ್ಯಗಳು ಪ್ರಿಪೊಸಿಷನ್ನಿನಲ್ಲಿ ಮುಗಿಯುತ್ತವೆ ಎಂದು ತಕರಾರು ತೆಗೆದ. ಆಮೇಲೆ ತನ್ನ ಹಳೆಯ ಬರಹದಲ್ಲೂ ಅದೇ ಕಂಡು ನಾಚಿ ತಿದ್ದಿಕೊಂಡ. ಲ್ಯಾಟಿನ್ನಿನಲ್ಲಿ ಹಾಗೆ ಮುಗಿಸಲು ಬಾರದು, ಇಂಗ್ಲಿಷು ಮಾತ್ರ ಆರಾಮಾಗಿ ಮುಗಿಸುತ್ತಿತ್ತು. ಅವನು ಲ್ಯಾಟಿನ್ನಿನ ಬೂಟನ್ನು ಇಂಗ್ಲಿಷಿನ ಕಾಲಿಗೆ ತುರುಕಿದ, ನಾವು ಕನ್ನಡದ ಚಪ್ಪಲಿಯನ್ನು. ಅವನದು ನಿಯಮವಾಗಿ ಮುನ್ನೂರು ವರ್ಷ ಮಕ್ಕಳ ಕಿವಿ ಹಿಂಡಿತು, ನಮ್ಮದು ತಪ್ಪಾಯಿತು.

ಕಿವಿ ಹಿಂಡಿದ ಪುಸ್ತಕದ ಹೆಸರು ನಿಮಗೆ ಗೊತ್ತೇ ಇದೆ: ರೆನ್ ಮತ್ತು ಮಾರ್ಟಿನ್. ನಮ್ಮ ಮನೆಯಲ್ಲಿ ಅಣ್ಣನಿಂದ ಅಕ್ಕನಿಗೆ, ಅಕ್ಕನಿಂದ ನನಗೆ ಬಂದಿತ್ತು, ರಟ್ಟು ಹೋಗಿ ಕಂದು ಕಾಗದದ ಹೊದಿಕೆಯಲ್ಲಿ. ಆ ರೆನ್ ಸಾಹೇಬರು ಮುಂಬಯಿ ಪ್ರಾಂತ್ಯದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದವರು. ಆಮೇಲೆ 1924ರಲ್ಲಿ 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿ ಬರೆದು ಹೆಸರು ಮಾಡಿದರು; ಮರಳುಗಾಡು, ಫ್ರೆಂಚ್ ಸೈನ್ಯ, ಕದ್ದ ನೀಲಮಣಿ. ಒಳಗೆ ಇಷ್ಟು ಮಸಾಲೆ ಇಟ್ಟುಕೊಂಡ ಮನುಷ್ಯ ನಮಗೆ ಮಾತ್ರ ಕರ್ತರಿ ಕರ್ಮಣಿ ಬಡಿಸಿದ್ದು ಮೋಸ.

ನಾನು ಹೊರಡುವ ಮುನ್ನ ಮೇಷ್ಟ್ರು ಇನ್ನೊಂದು ಹೇಳಿದರು. ಅವರ ಇಡೀ ಉದ್ಯೋಗದಲ್ಲಿ ಅತಿ ಹೆಚ್ಚು ಸಲ ತಿದ್ದಿದ ತಪ್ಪು "ಡಿಡ್ ನಾಟ್ ವೆಂಟ್" ಅಂತೆ. ಮೂವತ್ತು ವರ್ಷ 'ಡಿಡ್' ಬಂದಮೇಲೆ ಭೂತಕಾಲ ಮತ್ತೆ ಬರಬಾರದು ಎಂದು ಬೋರ್ಡಿನ ಮೇಲೆ ಬರೆದರು, ಮಕ್ಕಳು ಮೂವತ್ತು ವರ್ಷ "ಡಿಡ್ ನಾಟ್ ವೆಂಟ್" ಎಂದರು. ನಿವೃತ್ತಿಗೆ ಎರಡು ವರ್ಷ ಇರುವಾಗ ಒಂದು ದಿನ ಬೇಸತ್ತು ಕ್ಲಾಸಿನಲ್ಲಿ ಕನ್ನಡದಲ್ಲೇ ಹೇಳಿದರಂತೆ: "ನಾನು ನಿನ್ನೆ ಶಾಲೆಗೆ ಹೋದಲಿಲ್ಲ." ಇಡೀ ಕ್ಲಾಸು ಗೊಳ್ಳೆಂದಿತು. "ಯಾಕ್ರೋ ನಗ್ತೀರಿ?" "ಸಾರ್, ಹೋಗಲಿಲ್ಲ ಅನ್ಬೇಕು ಸಾರ್." "ನಿನ್ನೆ ಅಲ್ವೇನ್ರೋ? ಭೂತಕಾಲ ಅಲ್ವಾ? ಹೋದ ಅಲ್ವಾ?" ಹುಡುಗರು ಪೆದ್ದುಪೆದ್ದಾಗಿ ಮುಖ ನೋಡಿಕೊಂಡರು. ಇಲ್ಲ ಎನ್ನುವಾಗ ಕನ್ನಡವೂ ಕ್ರಿಯಾಪದದ ಭೂತ ಬಿಡಿಸಿ 'ಹೋಗು' ಎಂಬ ಬುಡಕ್ಕೇ ಹೋಗುತ್ತದೆ, ಇಂಗ್ಲಿಷಿನ 'ಗೋ' ಹಾಗೆ. ಆ ವರ್ಷ ಆ ತಪ್ಪು ಕಡಿಮೆಯಾಯಿತಂತೆ. "ಇಪ್ಪತ್ತೆಂಟು ವರ್ಷ ಮುಂಚೆನೇ ಹೇಳಿದ್ದಿದ್ರೆ" ಎಂದು ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು. "ಇಂಗ್ಲಿಷ್ ಪೀರಿಯಡ್ಡಲ್ಲಿ ಕನ್ನಡ ಮಾತಾಡಿದ್ರೆ ದಂಡ ಹಾಕ್ತಿದ್ದೋನು ನಾನೇ ಕಣ್ರೀ."

ಅವರ ಮಾತು ಹಿಡಿದು ಹೊಸ ನೋಟಿಸು ಬರೆದೆ. "ಎ ಡಾಗ್ ಹ್ಯಾಸ್ ಯೂರಿನೇಟೆಡ್ ಇನ್ ದ ಲಿಫ್ಟ್ ಟ್ವೈಸ್ ದಿಸ್ ವೀಕ್. ಇಟ್ಸ್ ಓನರ್ ಮಸ್ಟ್ ಪೇ ರುಪೀಸ್ 500." ಕೋಟು ಇಲ್ಲ, ಪಂಚೆ ಗಟ್ಟಿ. ಕೆಳಗೆ ಅದನ್ನೇ ಕನ್ನಡದಲ್ಲೂ ಬರೆದೆ. ಕಾರ್ಯದರ್ಶಿಯ ಹೆಸರು ವಾಕ್ಯದಿಂದ ಪೂರಾ ಹೊರಗೆ. ಅಂಟಿಸಿ ಬಂದು ಮನೆಯಲ್ಲಿ ಓದಿ ಹೇಳಿದರೆ ಹೆಂಡತಿ ಸೊಪ್ಪು ಸೋಸುತ್ತ ಕೇಳಿದಳು:

"ಸರಿ ಕಣ್ರೀ. ಯಾರ್ ನಾಯಿ?"

ಅಜ್ಜಿಯ ಪ್ರಶ್ನೆ. ವ್ಯಾಕರಣದ ಕೈಯಲ್ಲಿ ಅದಕ್ಕೆ ಉತ್ತರವಿಲ್ಲ. ನಾಲ್ಕೂ ನಾಯಿಗಳ ಮಾಲೀಕರು ಬಂದು ನೋಟಿಸು ಬಹಳ ಚೆನ್ನಾಗಿದೆ, ಸ್ಪಷ್ಟವಾಗಿದೆ ಎಂದು ಹೊಗಳಿ ಹೋದರು. ದಂಡ ಯಾರೂ ಕಟ್ಟಿಲ್ಲ. ಲಿಫ್ಟಿನ ಕ್ಯಾಮೆರಾ ಕೆಟ್ಟು ಎಂಟು ತಿಂಗಳಾಗಿದೆ.